ಚೆಂಡು ನೆಲ ಮುಟ್ಟಬಾರದು: ಸ್ಪೆಷಲ್ ಟೀಮ್ಸ್ ಕೋಚ್ ಆಗಿ ನನ್ನ ಅನುಭವ

ಕಳೆದ ಸೀಸನ್‌ನ ಹನ್ನೊಂದು ಅಮೆರಿಕನ್ ಫುಟ್ಬಾಲ್ ಪಂದ್ಯಗಳಲ್ಲಿ ಎದುರಾಳಿಗಳು ನಮ್ಮತ್ತ ಒದ್ದ ಐವತ್ತು ಚಿಲ್ಲರೆ ಪಂಟ್‌ಗಳ (ಮುಂದೆ ಸಾಗಲಾಗದ ತಂಡ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಪೈಕಿ, ಹಿಡಿಯಬಹುದಾಗಿದ್ದೂ ಹಿಡಿಯದೆ ನಾವು ನೆಲಕ್ಕೆ ಬಿಟ್ಟದ್ದು ನಾಲ್ಕೋ ಐದೋ ಇರಬೇಕು. ಕೈಜಾರಿ ಎದುರಾಳಿಯ ಪಾಲಾದದ್ದು ಒಂದೂ ಇಲ್ಲ. ಈ ಒಂದು ವಾಕ್ಯವನ್ನು ಬರೆಯುವ ಅರ್ಹತೆ ಬರಲು ನನಗೆ ಹನ್ನೆರಡು ವರ್ಷಗಳಿಗೂ ಮೇಲೆ ಹಿಡಿಯಿತು. ಆಟದ ನಿಯಮಗಳನ್ನೆಲ್ಲ ಇಲ್ಲಿ ವಿವರಿಸಲು ಹೋಗುವುದಿಲ್ಲ; ಸ್ಪೆಷಲ್ ಟೀಮ್ಸ್ ಎಂದರೆ ಚೆಂಡು ಒದೆಯುವಾಗ, ಒದ್ದದ್ದನ್ನು ಹಿಡಿಯುವಾಗ ಮೈದಾನಕ್ಕಿಳಿಯುವ ಗುಂಪುಗಳು ಎಂದಷ್ಟೇ ಹೇಳುತ್ತೇನೆ. ಗೊತ್ತಿಲ್ಲದವರು ಇಷ್ಟರಲ್ಲೇ ಓದು ನಿಲ್ಲಿಸಿರುತ್ತಾರೆ.

ನಾನು ಈ ಆಟವನ್ನು ಒಂದು ದಿನವೂ ಆಡಿದವನಲ್ಲ. ಶಿವಮೊಗ್ಗ ವಲಯದ ಲೀಗ್ ಕ್ರಿಕೆಟ್‌ನಲ್ಲಿ ಡೀಪ್ ಮಿಡ್‌ವಿಕೆಟ್‌ನಲ್ಲಿ ನಿಂತು, ಮುಗಿಲಿಗೇರಿದ ಚೆಂಡನ್ನು ಹಿಡಿಯುವುದಷ್ಟೇ ನನಗೆ ಬರುತ್ತಿದ್ದ ವಿದ್ಯೆ. 2003ರಲ್ಲಿ ಸಂಖ್ಯಾಶಾಸ್ತ್ರದ ಎಂಎಸ್‌ಗೆಂದು ಒಹಾಯೊಗೆ ಬಂದವನು, ಎರಡು ವರ್ಷಗಳ ನಂತರ ಹತ್ತಿರದ ಒಂದು ಸಣ್ಣ ಡಿವಿಷನ್ ಮೂರರ (ಕಾಲೇಜು ಕ್ರೀಡೆಯ ಮೂರನೆಯ ಹಂತದ) ಕಾಲೇಜಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಸ್ವಯಂಸೇವಕನಾದೆ. ವೀಸಾದ ಕಾರಣದಿಂದ ಸಂಬಳ ಪಡೆಯುವ ಪ್ರಶ್ನೆಯೇ ಇರಲಿಲ್ಲ. ಹಗಲು ವಿಮಾ ಕಂಪನಿಯ ಕೆಲಸ, ಸಂಜೆ ಮೈದಾನ. ಸ್ನ್ಯಾಪ್ (ಹಿಂದಕ್ಕೆ ಎಸೆದ ಚೆಂಡು) ಪಂಟರ್‌ನ ಕೈಸೇರಲು 0.8 ಸೆಕೆಂಡ್, ಚೆಂಡು ಕಾಲಿನಿಂದ ಹೊರಡುವ ವೇಳೆಗೆ 2.1, ಆಮೇಲೆ ಗಾಳಿಯಲ್ಲಿ ನಾಲ್ಕು ಸೆಕೆಂಡಿನ ಆಸುಪಾಸು: ಇವನ್ನು ಬರೆದ ಹಾಳೆಗಳನ್ನು ಹೆಡ್ ಕೋಚ್ ಪ್ರತಿ ಸೋಮವಾರ ಗೌರವದಿಂದ ತೆಗೆದುಕೊಂಡು ಅಷ್ಟೇ ಗೌರವದಿಂದ ಮೇಜಿನ ಡ್ರಾಯರಿಗೆ ಹಾಕುತ್ತಿದ್ದರು.

ಗ್ರೀನ್ ಕಾರ್ಡ್ ಬಂದ ಮೇಲೆ, 2012ರಲ್ಲಿ, ಅವರೇ ಕರೆದು ಸ್ಪೆಷಲ್ ಟೀಮ್ಸ್ ಒಪ್ಪಿಸಿದರು. ವರ್ಷಕ್ಕೆ ಸುಮಾರು 7,000 ಡಾಲರ್ ಗೌರವಧನ. ಅದರೊಂದಿಗೆ ಟೈಟ್ ಎಂಡ್‌ಗಳ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಆಟಗಾರರ) ತರಬೇತಿ, ಎರಡು ಜಿಲ್ಲೆಗಳ ಹೈಸ್ಕೂಲುಗಳಲ್ಲಿ ಹುಡುಗರನ್ನು ಹುಡುಕುವ ಓಡಾಟ ಮತ್ತು ವಾರಕ್ಕೆರಡು ಸಲ ಜರ್ಸಿ ಒಗೆಸುವ ಹೊಣೆ. ಡಿವಿಷನ್ ಮೂರರಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲವಾದ್ದರಿಂದ ಬರುವ ಹುಡುಗರಿಗೆ ಕೊಡಲು ನನ್ನಲ್ಲಿ ಮಾತನ್ನು ಬಿಟ್ಟು ಬೇರೇನೂ ಇರಲಿಲ್ಲ. ಮನೆ ನಡೆದದ್ದು ಹೆಂಡತಿಯ ನರ್ಸಿಂಗ್ ಸಂಬಳದಿಂದ. ಇದನ್ನು ಬರೆಯದೆ ಈ ವೃತ್ತಿಯ ಲೆಕ್ಕ ಪೂರ್ತಿಯಾಗುವುದಿಲ್ಲ.

ಅದೇ ವರ್ಷ ಕಾಲೇಜು ಆಟದಲ್ಲಿ ಕಿಕಾಫ್ (ಆಟ ಆರಂಭಿಸುವ ಒದೆತ) 30ರಿಂದ 35 ಯಾರ್ಡ್ ಗೆರೆಗೆ ಮುಂದೆ ಸರಿದಿತ್ತು, ಟಚ್‌ಬ್ಯಾಕ್ ಆದರೆ (ಚೆಂಡು ಗೋಲು ಗೆರೆಯ ಹಿಂದಿನ ಎಂಡ್ ಝೋನ್ ಸೇರಿ ಅಲ್ಲೇ ನಿಂತರೆ) 25ರಿಂದ ಆಟ ಆರಂಭವೆಂದಾಗಿತ್ತು. ಕಿಕಾಫ್ ರಿಟರ್ನ್‌ಗಳು (ಒದ್ದ ಚೆಂಡನ್ನು ಹಿಡಿದು ಮರಳಿ ಓಡುವುದು) ಇನ್ನು ಕಡಿಮೆಯಾಗುವುದು ಖಚಿತವಾದ್ದರಿಂದ ನನ್ನ ಸಮಯವನ್ನೆಲ್ಲ ಪಂಟ್‌ಗಳ ಮೇಲೆ ಹಾಕಲು ನಿರ್ಧರಿಸಿದೆ. ಹಳೆಯ ಹಾಳೆಗಳನ್ನು ಡ್ರಾಯರಿನಿಂದ ಹೊರತೆಗೆದು ಕೂಡಿಸಿದಾಗ, ನಮ್ಮವರು ಸೀಸನ್‌ಗೆ ಇಪ್ಪತ್ತಕ್ಕೂ ಹೆಚ್ಚು ಪಂಟ್‌ಗಳನ್ನು ನೆಲಕ್ಕೆ ಬಿಡುತ್ತಿದ್ದರೆಂದೂ, ಬಿದ್ದ ಚೆಂಡು ಸರಾಸರಿ ಹನ್ನೊಂದು ಹನ್ನೆರಡು ಯಾರ್ಡ್ ನಮ್ಮ ಗೋಲಿನತ್ತಲೇ ಉರುಳುತ್ತಿತ್ತೆಂದೂ ತಿಳಿಯಿತು. ಒಟ್ಟು ಇನ್ನೂರೈವತ್ತು ಯಾರ್ಡ್! ರಿಟರ್ನ್ ಓಡಿ ಗಳಿಸಿದ್ದು ಅದರ ಅರ್ಧವೂ ಇರಲಿಲ್ಲ. ಹಾಗಾಗಿ ಓಡುವುದು ಆಮೇಲಿನ ಮಾತು, ನಮ್ಮ ಗೋಲಿಗೆ ಹತ್ತು ಯಾರ್ಡ್‌ಗಿಂತ ದೂರದಲ್ಲೇ ಇಳಿಯುವ ಪ್ರತಿಯೊಂದು ಪಂಟನ್ನೂ ನೆಲ ಮುಟ್ಟುವ ಮೊದಲೇ ಹಿಡಿಯಬೇಕು, ಬೇಕಾದರೆ ಫೇರ್ ಕ್ಯಾಚ್ (ಓಡುವ ಹಕ್ಕು ಬಿಟ್ಟು ಅಡ್ಡಿಯಿಲ್ಲದೆ ಹಿಡಿಯುವುದು) ಕೇಳಲಿ ಎಂಬುದು ನನ್ನ ವಿಧಾನವಾಯಿತು. ಓಡಿಬಂದು ಹಿಡಿಯಹೋದರೆ ಮಫ್ ಆಗುತ್ತದೆ (ಚೆಂಡು ಕೈಜಾರುತ್ತದೆ), ಒಂದು ಮಫ್ ನಿಮ್ಮ ನೂರು ಯಾರ್ಡ್‌ಗಳನ್ನು ನುಂಗುತ್ತದೆ ಎಂದು ಉಳಿದ ಕೋಚ್‌ಗಳು ಎಚ್ಚರಿಸಿದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ತಪ್ಪು ನನ್ನದೇ. ಕ್ರಿಕೆಟ್‌ನಲ್ಲಿ ಕಲಿತಂತೆ ಕೈಗಳನ್ನು ಮುಖದ ಮುಂದೆ ಮೇಲೆತ್ತಿ, ಬೆರಳುಗಳನ್ನು ಆಕಾಶಕ್ಕೆ ಮಾಡಿ ಹಿಡಿಯುವುದನ್ನು ಹುಡುಗರಿಗೆ ಹೇಳಿಕೊಟ್ಟೆ. ದುಂಡನೆಯ ಚೆಂಡಿಗೆ ಅದು ಸರಿ. ಎರಡೂ ತುದಿ ಚೂಪಾಗಿ ತಿರುಗುತ್ತ ಇಳಿಯುವ ಈ ಚೆಂಡು ಅಂಗೈಗಳ ನಡುವಿನಿಂದ ನುಸುಳಿ ಎದೆಗೆ ಬಡಿದು ಹಾರುತ್ತದೆ. ಒಬ್ಬನ ಕಿರುಬೆರಳು ಕೀಲು ತಪ್ಪಿತು. 2013ರ ಅಕ್ಟೋಬರ್ ಕೊನೆಯಲ್ಲಿ, ಮೂರು ಪಾಯಿಂಟ್ ಮುಂದಿದ್ದ ಪಂದ್ಯದಲ್ಲಿ, ನಮ್ಮ 18 ಯಾರ್ಡ್ ಗೆರೆಯಲ್ಲಿ ಚೆಂಡು ಜಾರಿ ಎದುರಾಳಿಯ ಪಾಲಾಯಿತು. ನಾಲ್ಕು ಆಟಗಳಲ್ಲಿ ಟಚ್‌ಡೌನ್, ಪಂದ್ಯ ಹೋಯಿತು. ಹಿಂದಿರುಗುವ ಬಸ್ಸಿನಲ್ಲಿ ಮೂರು ಗಂಟೆ ಯಾರೂ ನನ್ನೊಡನೆ ಮಾತನಾಡಲಿಲ್ಲ. ಡಿಫೆನ್ಸ್ ಕೋಚ್ ಇಳಿಯುವಾಗ, "ಕ್ರಿಕೆಟ್ ಮುಗಿಯಿತೇ?" ಎಂದು ಕೇಳಿದರು. ಮರುವಾರ ಹೆಡ್ ಕೋಚ್ ಹಳೆಯ "ಪಾಯ್ಸನ್" ಕೂಗನ್ನು ಮರಳಿ ತಂದರು: ಸಂದೇಹವಿದ್ದರೆ ಎಲ್ಲರೂ ಚೆಂಡಿನಿಂದ ದೂರ ಸರಿಯುವುದು.

ಅದಾದ ಒಂದು ತಿಂಗಳಿಗೆ, ನವೆಂಬರ್ 30ರಂದು, ಆಬರ್ನ್ ವಿಶ್ವವಿದ್ಯಾಲಯದ ಕ್ರಿಸ್ ಡೇವಿಸ್ ಅಲಬಾಮಾ ತಂಡದ ತಪ್ಪಿದ ಫೀಲ್ಡ್ ಗೋಲನ್ನು ಎಂಡ್ ಝೋನ್‌ನ ಆಳದಲ್ಲಿ ಹಿಡಿದು, ಇನ್ನೊಂದು ತುದಿಗೆ ಓಡಿ 34-28ರಲ್ಲಿ ಪಂದ್ಯ ಗೆಲ್ಲಿಸಿದ್ದನ್ನು ಎಲ್ಲರೂ ನೋಡಿದ್ದೀರಿ. ಜನ ಅವನ ಓಟವನ್ನು ಹೊಗಳಿದರು. ನಾನು ಮಾತ್ರ ಅವನು ಚೆಂಡಿನ ಅಡಿಗೆ ಎಷ್ಟು ಮುಂಚಿತವಾಗಿ ಬಂದು ನಿಂತನೆಂಬುದನ್ನೇ ಮತ್ತೆ ಮತ್ತೆ ನೋಡಿದೆ. ಕ್ರಿಕೆಟ್‌ನಿಂದ ತರಬೇಕಾದದ್ದು ಕೈಗಳನ್ನಲ್ಲ, ಕಣ್ಣು ಮತ್ತು ಪಾದಗಳನ್ನು ಎಂಬುದು ಆಗ ಹೊಳೆಯಿತು.

ಮುಂದಿನ ವಸಂತದಲ್ಲಿ ಒಂದು ಹೈಸ್ಕೂಲಿನಿಂದ ಚೆಂಡು ಚಿಮ್ಮಿಸುವ ಹಳೆಯ ಜಗ್ಸ್ ಯಂತ್ರವನ್ನು ಸುಮಾರು 900 ಡಾಲರ್ ಕೊಟ್ಟು, ಸ್ವಂತ ಹಣದಿಂದಲೇ, ಕೊಂಡೆ. ರಿಟರ್ನರ್ ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಚೆಂಡು ಹೊರಟ ಸದ್ದು ಕೇಳಿದ ಮೇಲೆ ತಿರುಗಿ, ಮೊದಲು ಅದರ ಮೂತಿಯನ್ನು ಹುಡುಕಬೇಕು. ಮೂತಿ ಮಗುಚಿ ಕೆಳಮುಖವಾದರೆ ಚೆಂಡು ದೂರ ಸಾಗುತ್ತದೆ, ಮೇಲಕ್ಕೇ ಉಳಿದರೆ ಮುಂದೆಯೇ ಸತ್ತುಬೀಳುತ್ತದೆ. ಎಡಗಾಲಿನ ಪಂಟರ್ ಆದರೆ ತಿರುಗುವ ದಿಕ್ಕು, ವಾಲುವ ಬದಿ ಎರಡೂ ಅದಲುಬದಲು. ಪಾದಗಳು ಚೆಂಡಿಗಿಂತ ಮುಂಚೆ ತಲುಪಿ ನಿಂತಿರಬೇಕು, ಓಡುತ್ತ ಹಿಡಿದದ್ದನ್ನು ನಾನು ಕ್ಯಾಚ್ ಎಂದು ಬರೆದುಕೊಳ್ಳುವುದಿಲ್ಲ. ಮೊಣಕೈಗಳು ಪಕ್ಕೆಗೆ ಅಂಟಿರಲೆಂದು ಎರಡೂ ಕಂಕುಳಲ್ಲಿ ಮಡಿಚಿದ ಟವೆಲ್ ಇಟ್ಟೆ: ಟವೆಲ್ ಬಿದ್ದರೆ ಚೆಂಡು ಹಿಡಿದಿದ್ದರೂ ಲೆಕ್ಕಕ್ಕಿಲ್ಲ. ದಿನಕ್ಕೆ ಹದಿನೈದು ನಿಮಿಷ, ಒಬ್ಬೊಬ್ಬನಿಗೆ ಮೂವತ್ತು ಚೆಂಡು. ಮೊದಲ ವಾರ ಮೈದಾನವಿಡೀ ಟವೆಲ್‌ಗಳು ಹರಡಿರುತ್ತಿದ್ದವು, ಲಾಂಡ್ರಿಯೂ ನನ್ನದೇ ಆದ್ದರಿಂದ ದೂರುವವರಿರಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಪಂಟರ್ ಚೆಂಡನ್ನು ಕೈಬಿಡುವ ಮೊದಲೇ ಅದು ಯಾವ ಕಡೆಗೆ ಬರುತ್ತದೆಂದು ಅವನ ದೇಹದ ಒಂದು ಭಾಗ ಹೇಳಿಬಿಡುತ್ತದೆ. ಅದು ಯಾವುದೆಂದು ಇಲ್ಲಿ ಬರೆಯಲಾರೆ. ಎದುರಾಳಿ ಕಾಲೇಜುಗಳಲ್ಲಿಯೂ ಕನ್ನಡಿಗರ ಮಕ್ಕಳು ಓದುತ್ತಿದ್ದಾರೆ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಬ್ಯಾಟಿನಿಂದ ಟೆನಿಸ್ ಚೆಂಡನ್ನು ಮೇಲಕ್ಕೆ ಹೊಡೆದು ಹಿಡಿಸುವುದು ಹುಡುಗರಿಗೆ ಬಹಳ ಇಷ್ಟವಾಯಿತು, ಉಪಯೋಗ ಮಾತ್ರ ಏನೂ ಕಾಣಲಿಲ್ಲ. ಓಡುತ್ತ ಒದೆಯುವ ರಗ್ಬಿ ಪಂಟ್‌ಗಳು ಹೆಚ್ಚಾದಾಗ ಉರುಳುವ ಚೆಂಡಿಗೆ ಮಂಡಿಯೂರಿ ಅಡ್ಡ ಕೂರುವ ಲಾಂಗ್ ಬ್ಯಾರಿಯರ್ ಕಲಿಸಿದೆ. ಎರಡನೆಯ ದಿನವೇ ಚೆಂಡು ಪುಟಿದು ಒಬ್ಬನ ಹೆಲ್ಮೆಟ್‌ಗೆ ಬಡಿದಾಗ ಕೈಬಿಟ್ಟೆ. ಮೆಲ್ಬರ್ನ್‌ನ ಪಂಟರ್‌ ತರಬೇತಿ ಸಂಸ್ಥೆ ಪ್ರೋಕಿಕ್ ಆಸ್ಟ್ರೇಲಿಯಾದಲ್ಲಿ ತರಬೇತಾಗಿ ಬಂದ ಪಂಟರ್‌ಗಳ ಮುಂದೆ ಒಬ್ಬನೇ ರಿಟರ್ನರ್ ಸಾಲುವುದಿಲ್ಲ. ಯೂಟಾದ ಟಾಮ್ ಹ್ಯಾಕೆಟ್ 2014 ಮತ್ತು 2015ರಲ್ಲಿ ಸಾಲಾಗಿ ಅತ್ಯುತ್ತಮ ಕಾಲೇಜು ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ ಪಡೆದದ್ದು ಸುಮ್ಮನೆ ಅಲ್ಲ. ಕ್ರಿಕೆಟ್‌ನಲ್ಲಿ ಥ್ರೋಗೆ ಹಿಂದೆ ಒಬ್ಬ ನಿಲ್ಲುವಂತೆ, ನಾನು ಹನ್ನೆರಡು ಯಾರ್ಡ್ ಮುಂದೆ ಮೋಟು ಪಂಟ್‌ಗಳಿಗೆಂದೇ ಇನ್ನೊಬ್ಬನನ್ನು ನಿಲ್ಲಿಸಿದೆ. ಇದು ಕೆಲಸ ಮಾಡಿತು.

2014ರಲ್ಲಿ ನೆಲಕ್ಕೆ ಬಿದ್ದವು ಹದಿನೈದರಷ್ಟು, 2016ರ ಹೊತ್ತಿಗೆ ಎಂಟು. ಮಫ್‌ಗಳು ವರ್ಷಕ್ಕೆ ನಾಲ್ಕರಿಂದ ಒಂದಕ್ಕೆ ಇಳಿದವು. "ಪಾಯ್ಸನ್" ಕೂಗು ಯಾರೂ ರದ್ದುಮಾಡದೆಯೇ ಮರೆತುಹೋಯಿತು.

ಹಣದ ಮಾತಿಗೆ ಮತ್ತೆ ಬರುತ್ತೇನೆ. 2018ರ ಜನವರಿಯಿಂದ ಎಫ್‌ಬಿಎಸ್ (ಕಾಲೇಜು ಫುಟ್ಬಾಲ್‌ನ ಮೇಲಿನ ಹಂತ) ತಂಡಗಳಿಗೆ ಹತ್ತನೆಯ ಸಹಾಯಕ ಕೋಚ್‌ಗೆ ಅನುಮತಿ ದೊರೆತಾಗ, ಹಲವರು ಆ ಹುದ್ದೆಯನ್ನು ಸ್ಪೆಷಲ್ ಟೀಮ್ಸ್‌ಗೆ ಕೊಡುತ್ತಿದ್ದರು. ಕೋಚ್‌ಗಳ ಜನವರಿ ಸಮಾವೇಶಕ್ಕೆ ವಿಮಾನ, ಹೋಟೆಲ್ ಎಂದು 1,400 ಡಾಲರ್‌ನಷ್ಟು ಸುರಿದು ಹೋದೆ. ಒಂದು ದೊಡ್ಡ ವಿಶ್ವವಿದ್ಯಾಲಯದವರು ನಲವತ್ತು ನಿಮಿಷ ಸಂದರ್ಶಿಸಿ, ನನ್ನ ಹಾಳೆಗಳ ಪ್ರತಿ ಕೇಳಿ ಪಡೆದು, ಆಡಿದ ಅನುಭವವುಳ್ಳವರು ಬೇಕೆಂದು ಪತ್ರ ಬರೆದರು. ಜಾನ್ ಹಾರ್‌ಬಾ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡಿ, ಮುಂದೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೆಡ್ ಕೋಚ್ ಆಗಿ ಸೂಪರ್ ಬೌಲ್ ಗೆದ್ದದ್ದನ್ನು ನೆನೆದು ಸಮಾಧಾನ ಪಡಲು ನೋಡಿದೆ. ಆದರೆ ಅವರೂ ಕಾಲೇಜಿನಲ್ಲಿ ಆಡಿದವರೇ. ಮರುವರ್ಷ ಒಂದು ಡಿವಿಷನ್ ಎರಡರ ಕಾಲೇಜು, ಸುಮಾರು 48,000 ಡಾಲರ್‌ಗೆ, ನನ್ನನ್ನು ಪೂರ್ಣಕಾಲಿಕನಾಗಿ ತೆಗೆದುಕೊಂಡಿತು. ಜರ್ಸಿ ಒಗೆಸುವ ಕೆಲಸ ಅಲ್ಲಿಗೆ ತಪ್ಪಿತು, ಟವೆಲ್‌ಗಳದ್ದು ಈಗಲೂ ಇದೆ.

ಈ ವಸಂತದಲ್ಲಿ ನಮ್ಮ ಕಾನ್ಫರೆನ್ಸ್‌ಗೆ (ಪರಸ್ಪರ ಆಡುವ ಕಾಲೇಜುಗಳ ಗುಂಪಿಗೆ) ಇಬ್ಬರು ಎಡಗಾಲಿನ ಪಂಟರ್‌ಗಳು ಬಂದಿದ್ದಾರೆಂದು ತಿಳಿದು, ಹಳೆಯ ಯಂತ್ರವನ್ನು ಬದಿಗೆ ವಾಲಿಸಿ ಆ ತಿರುಗು ತರಿಸಲು ಹೋದಾಗ ಒಂದು ಚಕ್ರದ ಮೋಟರ್ ಸುಟ್ಟಿತು. ದುರಸ್ತಿಗೆ 340 ಡಾಲರ್ ಕೇಳಿದ್ದಾರೆ. ಈ ಸಲ ಬಿಲ್ಲನ್ನು ಕಾಲೇಜಿಗೇ ಕಳುಹಿಸಿದ್ದೇನೆ.