ಕೊಡುಗೈ ಗೆಳೆಯನಿಗೆ ಅವನದೇ ಅಂಗಳದ ಮಾವಿನ ಕಸಿಗಿಡ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇಂಥ ಒಬ್ಬ ಗೆಳೆಯ ಎಲ್ಲರಿಗೂ ಇರುತ್ತಾನೆ. ಅವನ ಮನೆಯಿಂದ ಬರಿಗೈಯಲ್ಲಿ ಹೊರಡಲು ಸಾಧ್ಯವೇ ಇಲ್ಲ. ಬಾಳೆಹಣ್ಣು, ವೀಳ್ಯದೆಲೆ, ಮೇ ತಿಂಗಳಾದರೆ ಹಲಸು, ಏನಿಲ್ಲದಿದ್ದರೆ ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ. ನಾವು ಪೇಟೆಯಿಂದ ಏನಾದರೂ ಒಯ್ದರೆ ಅವನಿಗೆ ಸಂಕೋಚ, ಮುಂದಿನ ಸಲ ಅದರ ಎರಡರಷ್ಟು ಹೊರಿಸಿ ಕಳುಹಿಸುತ್ತಾನೆ. ಇಂಥವರಿಗೆ ಕೊಡಲು ನಾನು ಕಂಡುಕೊಂಡದ್ದು ಒಂದೇ: ಅವರ ಅಂಗಳದಲ್ಲೇ ಇರುವ, ಮುದಿಯಾದ ಕಾಡುಮಾವಿನ ಕಸಿಗಿಡ. ಅಜ್ಜನ ಕಾಲದ ಮರಕ್ಕೆ ಪೊಟರೆ ಬಿದ್ದಿರುತ್ತದೆ, ಇಲ್ಲವೇ ಮನೆಯ ಮಾಡಿಗೆ ವಾಲಿರುತ್ತದೆ. ಹೆದ್ದಾರಿ ಅಗಲ ಮಾಡುವಾಗ ತಲಪಾಡಿಯಿಂದ ಈಚೆ ಎಷ್ಟೋ ಹಳೆಯ ಮರಗಳು ಹೋದವು. ಒಮ್ಮೆ ಹೋದ ತಳಿಯನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ.

ಗೊರಟು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಕರಾವಳಿಯ ಬಪ್ಪಕಾಯಿಯಂಥ ಕೆಲವು ತಳಿಗಳಲ್ಲಿ ಒಂದೇ ಗೊರಟಿನಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಗುಣವನ್ನೇ ಹೊತ್ತಿರುತ್ತವೆ. ಆದರೆ ಎಲ್ಲ ಕಾಡುಮಾವೂ ಹಾಗಲ್ಲ. ಒಂದೇ ಮೊಳಕೆ ಬರುವ ಮರದ ಗೊರಟಿನಿಂದ ಹುಟ್ಟಿದ್ದು ಹುಳಿಯೋ ಸಿಹಿಯೋ ಎಂದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಗೆಳೆಯನಿಗೆ ಅನುಮಾನವನ್ನು ಕೊಡಬಾರದು. ಕಸಿಯೇ ಆಗಬೇಕು.

ಕೆಲಸ ಮೇ ಕೊನೆಗೆ ಶುರು. ಹಳೆಯ ಮರದ ಕಡ್ಡಿಯನ್ನು ಕೂಡಿಸಲು ಬೇಕಾದ ಬುಡಸಸಿಗೆ ಯಾವ ಊರ ಮಾವಿನ ಗೊರಟಾದರೂ ಆದೀತು, ಆದರೆ ತಾಜಾ ಇರಬೇಕು. ಮಾವಿನ ಬೀಜ ಒಣಗಿದರೆ ಸಾಯುತ್ತದೆ, ತಿಂಗಳು ಕಳೆದದ್ದನ್ನು ನಂಬಬೇಡಿ. ಗೊರಟಿನ ಗಟ್ಟಿ ಚಿಪ್ಪನ್ನು ಕತ್ತರಿಯಿಂದ ಅಂಚಿನಲ್ಲಿ ಬಿಡಿಸಿ ಒಳಗಿನ ಬೀಜ ಮಾತ್ರ ಹಾಕಿದರೆ ಬೇಗ ಮೊಳೆಯುತ್ತದೆ, ಹುಳ ಕೊರೆದದ್ದೂ ಅಲ್ಲೇ ಕಾಣುತ್ತದೆ. ಒಂದು ಗಿಡ ಕೊಡಬೇಕಾದರೆ ಹತ್ತು ಕಸಿ ಕಟ್ಟುವ ಲೆಕ್ಕ ಇಟ್ಟುಕೊಂಡು, ಇಪ್ಪತ್ತು ಬೀಜವನ್ನಾದರೂ ಮರಳಿನಲ್ಲಿ ಹಾಕಿ. ಎರಡು ಮೂರು ವಾರದಲ್ಲಿ ಮೊಳಕೆ ಮೇಲೆ ಬರುತ್ತದೆ.

ಮೊಳಕೆ ಕಂಡ ದಿನವೇ ಗೆಳೆಯನ ಮನೆಗೆ ಮೊದಲ ಭೇಟಿ. ಇಲ್ಲಿ ಮನೆಯೊಳಗಿನ ಒಬ್ಬರ ಸಹಾಯ ಬೇಕು. ಅತ್ತಿಗೆಗೋ ಅವನ ತಾಯಿಗೋ ಗುಟ್ಟು ಹೇಳಿ, ಅವನು ಸೊಸೈಟಿಗೆ ಅಡಿಕೆ ಒಯ್ಯುವ ಹೊತ್ತು ಕೇಳಿಟ್ಟುಕೊಳ್ಳಿ. ಯಾವ ಮರ ಎಂಬುದನ್ನೂ ಅವರಿಂದಲೇ ಖಾತ್ರಿ ಮಾಡಿಕೊಳ್ಳಿ. ಒಂದೇ ಗುಡ್ಡೆಯಲ್ಲಿ ನಾಲ್ಕು ಮಾವು ಇದ್ದರೆ ತಪ್ಪುವುದು ಸುಲಭ. ಪೆನ್ಸಿಲಿನಷ್ಟು ದಪ್ಪದ, ಮೂರು ನಾಲ್ಕು ತಿಂಗಳು ಬಲಿತ, ತುದಿಮೊಗ್ಗು ಇರುವ ರೆಂಬೆಗಳನ್ನು ಆರಿಸಿ, ತೊಟ್ಟು ಉಳಿಸಿ ಎಲೆಯನ್ನಷ್ಟೇ ಕತ್ತರಿಸಿ ಬಿಡಬೇಕು. ರೆಂಬೆ ಮರದಲ್ಲೇ ಇರಲಿ. ಏಳರಿಂದ ಹತ್ತು ದಿನದಲ್ಲಿ ತೊಟ್ಟುಗಳು ಉದುರಿ ಮೊಗ್ಗು ಉಬ್ಬುತ್ತದೆ. ಆ ಹೊತ್ತಿಗೆ ಮರಳಿನಲ್ಲಿರುವ ಸಸಿಯೂ ತಾಮ್ರಬಣ್ಣದ ಎಲೆ ಬಿಟ್ಟು ಸಿದ್ಧವಾಗಿರುತ್ತದೆ. ಎರಡೂ ಒಂದೇ ವಾರಕ್ಕೆ ಒದಗಿಬರುವುದೇ ಈ ಕೆಲಸದ ಜೀವಾಳ. ಮೊಗ್ಗು ಒಡೆದು ಎಲೆ ಬಿಟ್ಟ ಕಡ್ಡಿ ಕಟ್ಟಿದರೆ ಬಾಡುತ್ತದೆ, ಸಸಿಯ ಎಲೆ ಹಸಿರಾದ ಮೇಲೆ ದಂಟು ಗಟ್ಟಿಯಾಗಿ ಕೂಡುವುದಿಲ್ಲ.

ಮುದಿಮರದಲ್ಲಿ ಒಳ್ಳೆಯ ಕಡ್ಡಿ ಇರುವುದು ಮೇಲೆ, ಬಿಸಿಲು ಬೀಳುವ ಕಡೆ. ಕೈಗೆಟಕುವ ನೆರಳಿನ ಕಡ್ಡಿಯ ಆಸೆ ಬಿಟ್ಟು ಮರ ಹತ್ತುವವರನ್ನೇ ಕರೆಯಿರಿ. ಎರಡನೇ ಭೇಟಿಯಲ್ಲಿ ತುದಿಯಿಂದ ಒಂದು ಗೇಣು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆದಿಂಡಿನ ಹಾಳೆಯೊಳಗಿಟ್ಟು ತನ್ನಿ. ಅದೇ ದಿನ ಕಟ್ಟುವುದು ಉತ್ತಮ, ಎರಡು ಮೂರು ದಿನ ತಡೆದೀತು. ಗಾಳಿಮಳೆಗೆ ಮರವೇ ಬಿದ್ದುಬಿಟ್ಟರೆ ಎಲೆ ಸವರಿ ಕಾಯಲು ಸಮಯವಿಲ್ಲ. ಆ ದಿನವೇ ಕಡ್ಡಿ ತೆಗೆದು ಎರಡರಷ್ಟು ಕಸಿ ಕಟ್ಟಿ, ಕೂಡುವುದು ಕಡಿಮೆ.

ಸಸಿಯನ್ನು ಬೀಜದ ಸಮೇತ ಮೆಲ್ಲನೆ ಕಿತ್ತು ತೊಳೆಯಿರಿ. ಬೀಜ ಕಳಚಿದರೆ ಅದರ ಬುತ್ತಿಯೇ ಹೋದಂತೆ. ಸಸಿ, ಕಡ್ಡಿ ಎರಡನ್ನೂ ಲೀಟರಿಗೆ 20 ಗ್ರಾಂ ಸ್ಯೂಡೋಮೊನಾಸ್ (ಬೂಷ್ಟು ತಡೆಯುವ ಜೀವಾಣುವಿನ ಪುಡಿ) ಕಲಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದುತ್ತೇನೆ. ಮಳೆಗಾಲದಲ್ಲಿ ಕಸಿಯನ್ನು ಕೊಲ್ಲುವುದು ಬಹುಪಾಲು ಬೂಷ್ಟು. ಸಸಿಯನ್ನು ಬೀಜದಿಂದ 6–8 ಸೆಂಟಿಮೀಟರ್ ಮೇಲೆ ಅಡ್ಡ ಕತ್ತರಿಸಿ, ನಡುವೆ 3–4 ಸೆಂಟಿಮೀಟರ್ ಸೀಳು ಹಾಕಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಹೆರೆದು ಬೆಣೆಯಂತೆ ಮಾಡಿ. ಬ್ಲೇಡು ಹೊಸದಿರಲಿ, ಒಂದೇ ಎಳೆತಕ್ಕೆ ಚಪ್ಪಟೆ ಬರಬೇಕು. ಎಡೆಯಲ್ಲಿ ಬೆಳಕು ಕಂಡರೆ ಅಲ್ಲಿ ಕೂಡುವುದಿಲ್ಲ. ಎರಡರ ದಪ್ಪ ಒಂದೇ ಆಗದಿದ್ದರೆ ಒಂದು ಬದಿಯ ಸಿಪ್ಪೆಗೆ ಸಿಪ್ಪೆ ಸೇರಿಸಿ. ಒಂದೂವರೆ ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿದರೆ ನೀರು ಇಳಿಯುವುದಿಲ್ಲ. ಮೇಲೆ ಐಸ್‌ಕ್ಯಾಂಡಿಯ ಉದ್ದ ತೊಟ್ಟೆಯನ್ನು (ಪ್ಲಾಸ್ಟಿಕ್ ಚೀಲವನ್ನು) ಟೊಪ್ಪಿಯಂತೆ ಹಾಕಿ ಗಾಯದ ಕೆಳಗೆ ಕಟ್ಟಿ.

ಕೆಂಪುಮಣ್ಣು, ಮರಳು, ಹಳೆಯ ಸೆಗಣಿ ಗೊಬ್ಬರ ಸಮಪಾಲು ಬೆರೆಸಿ ತುಂಬಿದ ತೊಟ್ಟೆಯಲ್ಲಿ ನೆಟ್ಟು ನೆರಳಿನಲ್ಲಿಡಿ. ಸೂರಿನ ನೀರು ಬೀಳಬಾರದು. ಎರಡು ಮೂರು ವಾರಕ್ಕೆ ಮೊಗ್ಗು ಒಡೆಯುತ್ತದೆ, ಆಗ ಟೊಪ್ಪಿ ತೆಗೆಯಿರಿ. ಕಡ್ಡಿ ಹಸಿರಾಗಿದ್ದರೆ ಚಿಗುರದಿದ್ದರೂ ಎಸೆಯಬೇಡಿ. ತುದಿಯಿಂದ ಕಪ್ಪಾಗಿ ಇಳಿಯುತ್ತಿದ್ದರೆ ಆಸೆ ಬಿಡಿ. ಕಸಿಯ ಕೆಳಗೆ ಹೊರಟ ಚಿಗುರನ್ನು ಆಗಾಗ ಚಿವುಟದಿದ್ದರೆ ಬುಡಸಸಿಯೇ ಬೆಳೆದು ಕಸಿ ಸೊರಗುತ್ತದೆ. ಪಟ್ಟಿ ಬಿಚ್ಚಲು ಎರಡು ಮೂರು ತಿಂಗಳು.

ಬದುಕಿದ್ದೆಲ್ಲವನ್ನೂ ಕೊಡಬೇಡಿ. ಒಂದನ್ನು ನಿಮ್ಮ ತೋಟದ ಬರೆಯಲ್ಲಿ (ದಿಣ್ಣೆಯಲ್ಲಿ) ನೆಟ್ಟುಕೊಳ್ಳಿ, ಅವನ ಗಿಡವನ್ನು ದನ ತಿಂದರೆ ತಳಿ ಉಳಿದಿರುತ್ತದೆ. ಕೊಡುವ ಹೊತ್ತು ಮರುವರ್ಷ, ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ. ಗಿಡದಲ್ಲಿ ಎಳೆ ಎಲೆ ಇರುವಾಗಲೇ ಒಯ್ಯಿರಿ, ಚೀಟಿ ಅಂಟಿಸಬೇಡಿ, ಯಾವ ಮಾವೆಂದು ಹೇಳಬೇಡಿ. ಎಲೆ ಮುರಿದು ಮೂಸಿ ನೋಡು ಎಂದಷ್ಟೇ ಹೇಳಿ. ಜೀರಿಗೆ ಮಾವಾದರೆ ಎಲೆಯ ಸೊನೆಯಲ್ಲೇ ಜೀರಿಗೆಯ ಪರಿಮಳ. ಚಿಕ್ಕಂದಿನಿಂದ ಆ ಮರದಡಿ ಆಡಿದವನಿಗೆ ಗುರುತು ಸಿಗಲು ತಡವಾಗುವುದಿಲ್ಲ. ಮಿಡಿಯ ರುಚಿಗೆ ಇನ್ನೂ ನಾಲ್ಕೈದು ವರ್ಷ ಇದೆ, ಆದರೆ ಆ ಕ್ಷಣಕ್ಕಾಗಿ ಇಡೀ ವರ್ಷ ಗುಟ್ಟು ಕಾಯುವುದೂ ಸಂತೋಷವೇ.

ಅವತ್ತೇ ಜೊತೆಯಲ್ಲಿ ಹಾರೆ ಹಿಡಿದು ಜಾಗ ನೋಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗವಾದರೆ ಒಂದು ಮೀಟರ್ ಉದ್ದಗಲ ಆಳದ ಗುಂಡಿ ತೆಗೆದು, ಮೇಲ್ಮಣ್ಣು, ಸುಡುಮಣ್ಣು, ಗೊಬ್ಬರ ತುಂಬಿ, ಕಸಿಯ ಗಂಟು ಮಣ್ಣಿನಡಿ ಹೋಗದೆ ನೆಲದಿಂದ ಮೇಲಿರುವಂತೆ ನೆಡಬೇಕು. ಕಸಿಗಿಡ ಎರಡನೇ ವರ್ಷವೇ ಹೂ ಬಿಟ್ಟೀತು. ಮಿಡಿಯ ಆಸೆಗೆ ಬಿಟ್ಟರೆ ಗಿಡ ಕುಬ್ಜವಾಗುತ್ತದೆ, ಮೂರು ವರ್ಷ ಹೂವನ್ನು ಚಿವುಟಲು ಹೇಳಿ.