ಚಾದ ಮೇಲಿನ ಪೊರೆ ಹೋದದ್ದು ಹೀಗೆ

ನೀಲಗಿರಿಯಿಂದ ತಂದ ಎಲೆ ಚಾ ಪೆರ್ಲದ ನಮ್ಮ ಮನೆಯಲ್ಲಿ ಎರಡು ವಾರ ಸಪ್ಪೆಯಾಗಿಯೇ ಇತ್ತು. ಬಣ್ಣ ಮಂಕು, ಮೇಲೆ ಎಣ್ಣೆಯಂಥ ತೆಳು ಪೊರೆ, ಖಾಲಿ ಲೋಟದೊಳಗೆ ಕಂದು ಉಂಗುರ. ಎಲೆ ಹೆಚ್ಚು ಹಾಕಿದೆ, ಇನ್ನಷ್ಟು ಕುದಿಸಿದೆ. ಕಹಿಯಾಯಿತೇ ಹೊರತು ಪರಿಮಳ ಬರಲಿಲ್ಲ.

ಒಂದು ದಿನ ಬೋರಿನ ಮೋಟರ್ ಕೆಟ್ಟಿತು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಂದು ಚಾ ಮಾಡಿದೆವು. ಅದೇ ಎಲೆ, ಅದೇ ಪಾತ್ರೆ. ಲೋಟದ ತಳ ಕಾಣುವಷ್ಟು ತಿಳಿ, ಜೇನಿನ ಬಣ್ಣ. ಅಮ್ಮ ಒಂದು ಗುಟುಕು ಕುಡಿದು, “ಇದು ಬೇರೆ ಚಾವಾ?” ಅಂತ ಕೇಳಿದರು.

ತಪ್ಪು ನೀರಿನದ್ದು. ನಮ್ಮ ಬೋರಿನ ನೀರು ಗಡಸು. ಅದರ ಸುಣ್ಣದಂಶ ಚಾದ ಸತ್ವದ ಜೊತೆ ಸೇರಿ ಗಾಳಿ ತಾಗಿದಾಗ ಪೊರೆ ಕಟ್ಟುತ್ತದೆ. ಮುರಕಲ್ಲು (ಜಂಬಿಟ್ಟಿಗೆ) ಕೊರೆದ ಸುರಂಗದ ನೀರು ಮೆದು.

ಆದರೆ ಬೇಸಿಗೆಯಲ್ಲಿ ನಮ್ಮ ಸುರಂಗ ಬತ್ತುತ್ತದೆ. ಹಾಗಾಗಿ ಬೋರಿನ ನೀರನ್ನು ರಾತ್ರಿಯೇ 10 ನಿಮಿಷ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ತಳಕ್ಕೆ ಕೂತ ಸುಣ್ಣದ ಬಿಳಿ ಪುಡಿ ಕದಡದಂತೆ ಬಗ್ಗಿಸಿಕೊಂಡೆ. ಮೂರು ಲೋಟ ಸಾಲಾಗಿಟ್ಟು ನೋಡಿದೆ: ಹಸಿ ಬೋರಿನ ನೀರು, ಕುದಿಸಿಟ್ಟದ್ದು, ಸುರಂಗದ್ದು. ತಲಾ 150 ಮಿಲಿ ನೀರು, 2 ಗ್ರಾಂ ಎಲೆ, 3 ನಿಮಿಷ. ಎರಡನೆಯದು ಮೂರನೆಯದಕ್ಕೆ ತೀರಾ ಹತ್ತಿರ ಬಂತು. ಮೊದಲನೆಯದಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿದರೆ ಪೊರೆ ಕರಗುತ್ತದೆ, ಆದರೆ ಎಲೆಯ ಪರಿಮಳ ಲಿಂಬೆಯ ಅಡಿಗೆ ಹೋಗುತ್ತದೆ. ನನಗೆ ಅದು ಬೇಡ.

ಎಲೆಯನ್ನು ನೀರಿನಲ್ಲಿಟ್ಟು ಕುದಿಸುವುದನ್ನೂ ನಿಲ್ಲಿಸಿದೆ. ಕುದಿದ ನೀರು ಹೊಯ್ದು ಮುಚ್ಚಿದರೆ ಸಾಕು. ಹಸಿರು ಚಾಕ್ಕಾದರೆ ನೀರು 80 ಡಿಗ್ರಿಗೆ ಇಳಿಯಬೇಕು, 2 ನಿಮಿಷಕ್ಕೆ ಸೋಸಬೇಕು.