ಚೆಕ್ ಎಂಜಿನ್ ದೀಪ ಹೊತ್ತದಿದ್ದರೂ ಎಂಜಿನ್ ವಾಲ್ವ್ ಸೋರುತ್ತಿರಬಹುದು

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ, ದೋಷ ಹೇಳುವ ಒಂದೂ ಕೋಡ್ ಇಲ್ಲ. ಆದರೂ ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ನಡುಗುತ್ತಿತ್ತು. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ವಾಲ್ವ್ ಸರಿಯಾಗಿ ಕೂತು ಮುಚ್ಚುತ್ತಿದೆಯೇ ಎಂದು ನೋಡುವ ಸೆನ್ಸರ್ ಅದರಲ್ಲಿಲ್ಲ. ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು, ಮಿತಿ ದಾಟುವವರೆಗೆ ಕಂಪ್ಯೂಟರ್ ಸುಮ್ಮನಿರುತ್ತದೆ. ಹಾಗಾಗಿ ಮೊದಲು ಕಿವಿಯನ್ನು ನಂಬಿ. ಏರ್ ಫಿಲ್ಟರ್ ಡಬ್ಬಿಯ ಬಳಿ ಬಗ್ಗಿದಾಗ ನನಗೆ ಕೇಳಿಸಿದ್ದು ಲಯಬದ್ಧವಾದ 'ಪುಸ್, ಪುಸ್'.

ಮುಂದಿನದು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ಇಂಧನ, ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ರಂಧ್ರಕ್ಕೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ. ನನ್ನಲ್ಲಿ ಮೂರು ಸಿಲಿಂಡರ್ 170 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ತೋರಿದವು, ಮೂರನೇ ನಂಬರಿನದು ಮಾತ್ರ 95. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಮುಳ್ಳು ಏರಿದ್ದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ, ಅದು ಏರಲಿಲ್ಲ.

ನಿರ್ಣಾಯಕ ಪರೀಕ್ಷೆ ಗಾಳಿಯದು. ಕಂಪ್ರೆಷನ್ ಹೊಡೆತದ ತುದಿಗೆ ಪಿಸ್ಟನ್ ತಂದು, ಎಂಜಿನ್ ತಿರುಗದಂತೆ ತಡೆದು, ಪ್ಲಗ್ ರಂಧ್ರದಿಂದ ಗಾಳಿ ತುಂಬಿಸಿ. ಸೈಲೆನ್ಸರ್‌ನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ಥ್ರಾಟಲ್ ಬಾಡಿಯಲ್ಲಿ ಬಂದರೆ ಇನ್‌ಟೇಕ್ ವಾಲ್ವ್. ಥ್ರಾಟಲ್ ಬಾಯಿಗೆ ಅಂಗೈ ಹಿಡಿದೆ, ತಣ್ಣನೆಯ ಗಾಳಿ ತಾಗಿತು.

ದಯವಿಟ್ಟು ಆತುರದಲ್ಲಿ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಇಳಿಸಬೇಡಿ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು, ಅಳೆಯಿರಿ. ಗ್ಯಾಪ್ ತೀರಾ ಕಡಿಮೆಯಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಸರಿಪಡಿಸಿ ಕಂಪ್ರೆಷನ್ ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಮಾತ್ರ ಹೆಡ್ ಬಿಚ್ಚಿ.